ಹಾಸ್ಟೆಲ್, ಲ್ಯಾಬ್, ಕ್ಯಾಮೆರಾ: ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್, ಎಆರ್‌ಪಿ ತಪಾಸಣೆ, ಮಲ್ಟಿಕಾಸ್ಟ್ ಹಾಕುವ ಸರಿಯಾದ ಕ್ರಮ

ಹಾಸ್ಟೆಲ್ ಹುಡುಗನೊಬ್ಬ ಮನೆಯಿಂದ ಹಳೇ ವೈಫೈ ರೂಟರ್ ತರುತ್ತಾನೆ. ಗೋಡೆಯ ಸಾಕೆಟ್ಟಿನಿಂದ ಬಂದ ಕೇಬಲ್ಲನ್ನು ಅದರ ವ್ಯಾನ್ ಪೋರ್ಟಿಗೆ ಹಾಕಬೇಕು, ಅವನು ಲ್ಯಾನ್ ಪೋರ್ಟಿಗೆ ಹಾಕುತ್ತಾನೆ. ಅಷ್ಟೇ ಸಾಕು. ಆ ರೂಟರ್ ಇಡೀ ಹಾಸ್ಟೆಲ್ಲಿಗೆ 192.168.0 ಸಾಲಿನ ವಿಳಾಸ ಹಂಚಲು ಶುರು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ವಾರ್ಡನ್ ಫೋನು: "ಸರ, ನೆಟ್ ಬರವಲ್ದರಿ. ವೈಫೈ ಕನೆಕ್ಟ್ ಆಗೇತಿ, ಏನೂ ಓಪನ್ ಆಗವಲ್ದು." ಎಲ್ಲರಿಗೂ ಒಟ್ಟಿಗೆ ನಿಂತಿದ್ದರೆ ಬೇಗ ಗೊತ್ತಾಗುತ್ತಿತ್ತು. ಆದರೆ ಹಳೇ ಲೀಸ್ (ವಿಳಾಸ ಇಟ್ಟುಕೊಳ್ಳಲು ಸಿಕ್ಕ ಅವಧಿ) ಮುಗಿಯದವರಿಗೆ ನೆಟ್ ಬರುತ್ತಲೇ ಇರುತ್ತದೆ, ಹೊಸದಾಗಿ ವಿಳಾಸ ಕೇಳಿದವರಿಗೆ ಮಾತ್ರ ಇಲ್ಲ. ಆಗ ಫೈರ್‌ವಾಲ್ ನೋಡು, ಲೈನ್ ನೋಡು, ಆಕ್ಸೆಸ್ ಪಾಯಿಂಟ್ ರೀಸ್ಟಾರ್ಟ್ ಮಾಡು ಅಂತ ಸುಮ್ನೆ ಅರ್ಧ ದಿನ ಹೋಗುತ್ತದೆ.

ಹುಡುಗನನ್ನು ಬೈದು ಪ್ರಯೋಜನ ಇಲ್ಲ. ಡಬ್ಬದಿಂದ ತೆಗೆದ ಸ್ವಿಚ್ ಯಾರು ಏನು ಹೇಳಿದರೂ ನಂಬುತ್ತದೆ. "ವಿಳಾಸ ಕೊಡುವವನು ನಾನೇ" ಅಂದರೂ ನಂಬುತ್ತದೆ, "ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, ನಾನೇ" ಅಂದರೂ ನಂಬುತ್ತದೆ. ವಿಳಾಸ ಹಂಚುವ ಪದ್ಧತಿ ಡಿಎಚ್‌ಸಿಪಿ, ಅದರ ನಿಯಮಪತ್ರ ಆರ್‌ಎಫ್‌ಸಿ 2131 ಬಂದದ್ದು 1997ರಲ್ಲಿ, ಒಂದು ಐಪಿ ಯಾವ ಯಂತ್ರದ್ದು ಅಂತ ಕೇಳಿ ತಿಳಿಯುವ ಎಆರ್‌ಪಿ ಅಂತೂ 1982ರದು. ಎರಡರಲ್ಲೂ ಎದುರಿಗಿರುವವರು ಯಾರು ಅಂತ ಕೇಳುವ ಪದ್ಧತಿ ಇಲ್ಲ. ಯಾರನ್ನು ನಂಬಬೇಕು ಅಂತ ಸ್ವಿಚ್ಚಿಗೆ ನಾವೇ ಹೇಳಬೇಕು.

ಹೇಳುವುದು ಕಷ್ಟವಲ್ಲ, ಕಮಾಂಡ್‌ಗಳು ಒಂದು ಪುಟಕ್ಕಿಂತ ಜಾಸ್ತಿ ಇಲ್ಲ. ಕೈಕೊಡುವುದು ಕ್ರಮ. ಒಂದೇ ಸಂಜೆ ಎಲ್ಲವನ್ನೂ ಆನ್ ಮಾಡಿದರೆ ಬೆಳಿಗ್ಗೆ ಇಡೀ ಕಾಲೇಜು ನಿಂತಿರುತ್ತದೆ.

ಉದಾಹರಣೆಗೆ ವಿಜಯಪುರದ ಒಂದು ಮಧ್ಯಮ ಗಾತ್ರದ ಕಾಲೇಜು ಇಟ್ಟುಕೊಳ್ಳೋಣ. ಆಫೀಸ್ ಕಟ್ಟಡದಲ್ಲಿ ಒಂದು ಲೇಯರ್ 3 ಕೋರ್ ಸ್ವಿಚ್, ಅಂದರೆ ರೂಟಿಂಗೂ ಮಾಡುವ ನಡುವಿನ ಸ್ವಿಚ್. ಅದರಿಂದ ಫೈಬರ್ ಹೋಗಿ ಲ್ಯಾಬ್‌ಗೆ ಒಂದು, ಹಾಸ್ಟೆಲ್‌ಗೆ ಒಂದು ಆಕ್ಸೆಸ್ ಸ್ವಿಚ್ (ಕಂಪ್ಯೂಟರುಗಳ ಕೇಬಲ್ ಬರುವುದು ಇದಕ್ಕೆ). ಒಂದೇ ಸ್ವಿಚ್ಚುಗಳ ಮೇಲೆ ಬೇರೆ ಬೇರೆ ಮಾಡಿದ ಜಾಲಗಳಿಗೆ ವಿಲ್ಯಾನ್ ಅನ್ನುತ್ತಾರೆ: ವಿಲ್ಯಾನ್ 10 ಆಫೀಸು, 20 ಲ್ಯಾಬು, 30 ಹಾಸ್ಟೆಲ್, 40 ಕ್ಯಾಮೆರಾ. ವಿಳಾಸ ಕೊಡುವ ಸರ್ವರ್ ಕೋರ್ ಕಡೆಗೆ ಇದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಆಫೀಸಾಗಲಿ, ಬಾಗಲಕೋಟೆ ನವನಗರದ ಆಸ್ಪತ್ರೆಯಾಗಲಿ, ನಕ್ಷೆ ಹೆಚ್ಚುಕಮ್ಮಿ ಇದೇ ಇರುತ್ತದೆ. ಕಮಾಂಡ್‌ಗಳು ಸಿಸ್ಕೊ ಕ್ಯಾಟಲಿಸ್ಟ್‌ನವು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಹೊಡೆಯುವಾಗ ಇಂಗ್ಲಿಷ್‌ನಲ್ಲೇ ಹೊಡೆಯಬೇಕು, ಸ್ವಿಚ್ಚಿಗೆ ಇನ್ನೂ ಕನ್ನಡ ಬರಲ್ಲ.

ಮೊದಲು ಪಟ್ಟಿ, ಆಮೇಲೆ ಕೀಬೋರ್ಡು

ಕೈಯಿಂದ ಐಪಿ ಹಾಕಿರುವ ಸಾಮಾನುಗಳು ಯಾವ್ಯಾವು ಅಂತ ಬರೆದುಕೊಳ್ಳಿ. ಪ್ರಿಂಟರು, ಹಾಜರಿ ಹಾಕುವ ಬಯೋಮೆಟ್ರಿಕ್ ಮಷೀನು, ಕ್ಯಾಮೆರಾ ರೆಕಾರ್ಡರ್, ಟ್ಯಾಲಿ ಇರುವ ಕಂಪ್ಯೂಟರು. ಇವು ಡಿಎಚ್‌ಸಿಪಿ ಕೇಳುವುದೇ ಇಲ್ಲ, ಹಾಗಾಗಿ ಸ್ವಿಚ್ ಮಾಡುವ ಪಟ್ಟಿಯಲ್ಲಿ ಬರುವುದೂ ಇಲ್ಲ. ಮುಂದೆ ಎಆರ್‌ಪಿ ತಪಾಸಣೆ ಶುರುವಾದ ಕೂಡಲೇ ಮೊದಲು ಸಾಯುವುದು ಇವೇ. ಕೋರ್ ಸ್ವಿಚ್ಚಿನಲ್ಲಿ "ಶೋ ಐಪಿ ಎಆರ್‌ಪಿ" ಕೊಟ್ಟರೆ ಐಪಿ ಮತ್ತು ಮ್ಯಾಕ್ (ಯಂತ್ರದ ಹಾರ್ಡ್‌ವೇರ್ ವಿಳಾಸ) ಜೋಡಿ ಸಿಗುತ್ತದೆ. ಆಕ್ಸೆಸ್ ಸ್ವಿಚ್ಚಿನಲ್ಲಿ "ಶೋ ಮ್ಯಾಕ್ ಅಡ್ರೆಸ್-ಟೇಬಲ್" ಕೊಟ್ಟರೆ ಆ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅಂತ ಗೊತ್ತಾಗುತ್ತದೆ.

ಸಾಧ್ಯವಾದಷ್ಟು ಸಾಮಾನುಗಳನ್ನು ಡಿಎಚ್‌ಸಿಪಿಗೆ ತಂದು ಸರ್ವರಿನಲ್ಲೇ ರಿಸರ್ವೇಶನ್ ಹಾಕಿಬಿಡಿ. ಅದೇ ಐಪಿ ಸಿಗುತ್ತದೆ, ಸ್ವಿಚ್ಚಿನ ಪಟ್ಟಿಗೂ ಸೇರುತ್ತದೆ. ಬಯೋಮೆಟ್ರಿಕ್ ಮಷೀನಿನ ಪಾಸ್‌ವರ್ಡ್ ಮಾತ್ರ ಹಾಕಿಕೊಟ್ಟವರ ಹತ್ತಿರವೇ ಇರುತ್ತದೆ, ಅವರು ಫೋನ್ ಎತ್ತಲ್ಲ. ಅಂಥವನ್ನು ಬೇರೆ ಇಡಿ, ಅವುಗಳಿಗೆ ಕೈಯಾರೆ ದಾರಿ ಮಾಡೋಣ.

ದೂರದಿಂದ ಲಾಗಿನ್ ಆಗಿ ಕೆಲಸ ಮಾಡುತ್ತಿದ್ದರೆ ಶುರು ಮಾಡುವ ಮುಂಚೆ "ರೀಲೋಡ್ ಇನ್ 15" ಕೊಡಿ. ಸೇವ್ ಮಾಡಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಏನಾದರೂ ಕೆಟ್ಟು ನೀವೇ ಹೊರಗೆ ಬಿದ್ದರೆ 15 ನಿಮಿಷಕ್ಕೆ ಸ್ವಿಚ್ ತಾನೇ ರೀಸ್ಟಾರ್ಟ್ ಆಗಿ ಹಳೇ ಕಾನ್ಫಿಗ್‌ಗೆ ಬರುತ್ತದೆ. ಎಲ್ಲ ಸರಿ ಇದ್ದರೆ "ರೀಲೋಡ್ ಕ್ಯಾನ್ಸಲ್". ಬಾಗಲಕೋಟೆಯಲ್ಲಿ ಕೂತು ವಿಜಯಪುರದ ಸ್ವಿಚ್ ಮುಟ್ಟುವವರಿಗೆ ಇದು ಒಂದು ಬಸ್ ಪ್ರಯಾಣ ಉಳಿಸುತ್ತದೆ.

ಡಿಎಚ್‌ಸಿಪಿ ಸ್ನೂಪಿಂಗ್

ಎಲ್ಲದಕ್ಕೂ ಬುಡ ಇದು. ಕೆಲಸ ಸರಳ. ಸರ್ವರ್ ಮಾತ್ರ ಆಡಬೇಕಾದ ಮಾತುಗಳು, ಅಂದರೆ ಆಫರ್ (ಈ ವಿಳಾಸ ತಗೋ), ಆಕ್ (ಕೊಟ್ಟೆ) ಮತ್ತು ನ್ಯಾಕ್ (ಕೊಡಲ್ಲ), ನಂಬಿಕೆಯ ಪೋರ್ಟಿನಿಂದ ಬಂದರೆ ಮಾತ್ರ ಒಳಗೆ. ಬೇರೆ ಪೋರ್ಟಿನಿಂದ ಬಂದರೆ ಅಲ್ಲೇ ಬಿಸಾಕುತ್ತದೆ. ಜೊತೆಗೆ ಯಾವ ಮ್ಯಾಕ್‌ಗೆ ಯಾವ ಐಪಿ, ಯಾವ ವಿಲ್ಯಾನ್, ಯಾವ ಪೋರ್ಟ್, ಲೀಸ್ ಎಷ್ಟು ಹೊತ್ತು ಅಂತ ಒಂದು ಬೈಂಡಿಂಗ್ ಟೇಬಲ್ ಬರೆದಿಟ್ಟುಕೊಳ್ಳುತ್ತದೆ.

ಹಾಸ್ಟೆಲ್ ಸ್ವಿಚ್ಚಿನಲ್ಲಿ ಕೋರ್‌ಗೆ ಹೋಗುವ ಅಪ್‌ಲಿಂಕ್ ಗಿಗಾಬಿಟ್ 1/1/1 ಅಂದುಕೊಳ್ಳಿ. ಕಾನ್ಫಿಗ್ ಮೋಡಿಗೆ ಹೋಗಿ:

ಇಂಟರ್ಫೇಸ್ ಗಿಗಾಬಿಟ್ 1/1/1
ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಟ್ರಸ್ಟ್
ಎಕ್ಸಿಟ್
ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ವಿಲ್ಯಾನ್ 30
ನೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಇನ್ಫರ್ಮೇಶನ್ ಆಪ್ಷನ್
ಐಪಿ ಡಿಎಚ್‌ಸಿಪಿ ಸ್ನೂಪಿಂಗ್

ಟ್ರಸ್ಟ್ ಮೊದಲು, ಕೊನೇ ಸಾಲು ಕೊನೆಗೇ. ಆ ಕೊನೇ ಸಾಲು ಬೀಳುವ ತನಕ ಏನೂ ಜಾರಿಗೆ ಬರುವುದಿಲ್ಲ. ಉಲ್ಟಾ ಮಾಡಿದರೆ ಅಪ್‌ಲಿಂಕ್‌ಗೆ ಟ್ರಸ್ಟ್ ಹಾಕುವ ತನಕ ಯಾರಿಗೂ ವಿಳಾಸ ಸಿಗಲ್ಲ.

"ನೋ" ಅಂತ ಇರುವ ಸಾಲಿಗೆ ಒಂದು ಕಾರಣ ಇದೆ. ಸ್ನೂಪಿಂಗ್ ಆನ್ ಆದ ಸಿಸ್ಕೊ ಸ್ವಿಚ್ ತಾನಾಗಿಯೇ ಪ್ರತಿ ವಿನಂತಿಗೂ ಆಪ್ಷನ್ 82 ಅನ್ನುವ ಚೀಟಿ ಅಂಟಿಸುತ್ತದೆ, ಯಾವ ಸ್ವಿಚ್ಚಿನ ಯಾವ ಪೋರ್ಟಿನಿಂದ ಬಂತು ಅಂತ. ಕೋರ್ ಸ್ವಿಚ್ಚಿನಲ್ಲೂ ಸ್ನೂಪಿಂಗ್ ಇದ್ದರೆ, ನಂಬಿಕೆ ಇಲ್ಲದ ಪೋರ್ಟಿನಿಂದ ಈ ಚೀಟಿ ಹೊತ್ತು ಬಂದ ಪ್ಯಾಕೆಟ್ ನೋಡಿ ಅದು ಬಿಸಾಕುತ್ತದೆ. ರಿಲೇ ವಿಳಾಸ (ವಿನಂತಿಯನ್ನು ಬೇರೆ ಜಾಲದ ಸರ್ವರಿಗೆ ದಾಟಿಸಿದವರ ವಿಳಾಸ) ಸೊನ್ನೆ ಇದ್ದು ಆಪ್ಷನ್ 82 ಇದ್ದರೆ ಸಿಸ್ಕೊದ ಡಿಎಚ್‌ಸಿಪಿ ಸರ್ವರ್ ಕೂಡ ಒಪ್ಪಲ್ಲ. ಸ್ನೂಪಿಂಗ್ ಹಾಕಿದ ಮೇಲೆ ಯಾರಿಗೂ ಐಪಿ ಬರ್ತಿಲ್ಲ ಅಂತ ಗೋಳಾಡುವವರಲ್ಲಿ ಬಹಳ ಜನರ ಕಥೆ ಇದೇ. ಆಪ್ಷನ್ 82 ಬೇಕೇ ಬೇಕು ಅನ್ನುವಂಥ ದೊಡ್ಡ ಜಾಲ ನಿಮ್ಮದಲ್ಲದಿದ್ದರೆ ತೆಗೆದುಬಿಡಿ.

ಹಾಸ್ಟೆಲ್ ಕಡೆಯ ಪೋರ್ಟುಗಳಿಗೆ ವೇಗದ ಮಿತಿಯೂ ಹಾಕಿ. ವಿಳಾಸದ ಪೂಲ್ ಖಾಲಿ ಮಾಡಲಿಕ್ಕೆ ಸೆಕೆಂಡಿಗೆ ನೂರಾರು ಸುಳ್ಳು ವಿನಂತಿ ಕಳಿಸುವ ಪ್ರೋಗ್ರಾಮುಗಳು ಸಿಗುತ್ತವೆ, ಹುಡುಗರಿಗೆ ಅವು ಗೊತ್ತು.

ಇಂಟರ್ಫೇಸ್ ರೇಂಜ್ ಗಿಗಾಬಿಟ್ 1/0/1 - 48
ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಲಿಮಿಟ್ ರೇಟ್ 15
ಎಕ್ಸಿಟ್
ಎರ್ರ್‌ಡಿಸೇಬಲ್ ರಿಕವರಿ ಕಾಸ್ ಡಿಎಚ್‌ಸಿಪಿ-ರೇಟ್-ಲಿಮಿಟ್
ಎರ್ರ್‌ಡಿಸೇಬಲ್ ರಿಕವರಿ ಇಂಟರ್ವಲ್ 300

ಸೆಕೆಂಡಿಗೆ 15 ಮೀರಿದರೆ ಪೋರ್ಟ್ ಮುಚ್ಚಿಕೊಳ್ಳುತ್ತದೆ, 300 ಸೆಕೆಂಡ್ ಆದ ಮೇಲೆ ತಾನೇ ತೆರೆದುಕೊಳ್ಳುತ್ತದೆ. ರಿಕವರಿ ಸಾಲು ಬಿಟ್ಟರೆ ರಾತ್ರಿ ಹನ್ನೊಂದಕ್ಕೆ ನೀವೇ ಹೋಗಿ ತೆರೆಯಬೇಕು. ಆಕ್ಸೆಸ್ ಪಾಯಿಂಟ್ ಇರುವ ಪೋರ್ಟಿಗೆ 15 ಸಾಲಲ್ಲ, ಊಟ ಮುಗಿಸಿ ಎಲ್ಲರೂ ಒಟ್ಟಿಗೆ ರೂಮಿಗೆ ಬಂದಾಗ ಅದು ಮೀರುತ್ತದೆ. ಅಲ್ಲಿ 100 ಇಡಿ. ಅಪ್‌ಲಿಂಕ್‌ಗೆ ಮಿತಿ ಹಾಕುವ ಗೋಜಿಗೇ ಹೋಗಬೇಡಿ.

ಇನ್ನೊಂದು. ಆಂಡ್ರಾಯ್ಡ್ 10ರಿಂದ, ಐಒಎಸ್ 14ರಿಂದ ಮೊಬೈಲ್‌ಗಳು ವೈಫೈಗೆ ನಕಲಿ ಮ್ಯಾಕ್ ತೋರಿಸುತ್ತವೆ. ಇದು ದಾಳಿ ಅಲ್ಲ, ಅವುಗಳ ರೂಢಿ. ಆದರೆ ಮೊಬೈಲ್ ಆ ಮ್ಯಾಕ್ ಬದಲಿಸಿದಾಗಲೆಲ್ಲ ಪೂಲ್‌ನಿಂದ ಒಂದು ಹೊಸ ವಿಳಾಸ ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಲೀಸ್ ಅನ್ನು 8 ಗಂಟೆಗಿಂತ ಜಾಸ್ತಿ ಇಡಬೇಡಿ.

ಕರೆಂಟ್ ಹೋದಾಗ ಏನಾಗುತ್ತೆ

ನಮ್ಮ ಕಡೆಗೆ ಇದು ಮುಖ್ಯ. ಬೇಸಿಗೆಯಲ್ಲಿ ವಿಜಯಪುರದ ಕರೆಂಟ್ ಕಥೆ ನಿಮಗೆ ಹೇಳಬೇಕಿಲ್ಲ ಅಲ್ವಾ. ಬೈಂಡಿಂಗ್ ಟೇಬಲ್ ಇರುವುದು ಸ್ವಿಚ್ಚಿನ ಮೆಮೊರಿಯಲ್ಲಿ. ಸ್ವಿಚ್ ಆಫ್ ಆದರೆ ಟೇಬಲ್ ಖಾಲಿ. ಬರೀ ಸ್ನೂಪಿಂಗ್ ಇದ್ದಾಗ ಇದರಿಂದ ತೊಂದರೆ ಇಲ್ಲ. ಆದರೆ ಮುಂದೆ ಎಆರ್‌ಪಿ ತಪಾಸಣೆ ಹಾಕಿದ ಮೇಲೆ, ಟೇಬಲ್‌ನಲ್ಲಿ ಹೆಸರಿಲ್ಲದವರ ಮಾತನ್ನು ಸ್ವಿಚ್ ಕೇಳಲ್ಲ.

ಸ್ವಿಚ್ಚಿಗೆ ನೇರ ಕೇಬಲ್ ಇರುವ ಕಂಪ್ಯೂಟರ್ ಲಿಂಕ್ ಹೋಗಿ ಬಂದದ್ದನ್ನು ಗಮನಿಸಿ ಮತ್ತೆ ವಿಳಾಸ ಕೇಳುತ್ತದೆ, ಟೇಬಲ್‌ಗೆ ಸೇರುತ್ತದೆ. ಎಡವಟ್ಟಾಗುವುದು ನಡುವೆ ಒಂದು ಚಿಕ್ಕ ಐದು ಪೋರ್ಟಿನ ಸ್ವಿಚ್ ಇದ್ದು, ಅದು ಬೇರೆ ಯುಪಿಎಸ್ ಮೇಲೆ ಇದ್ದಾಗ. ಅದರ ಹಿಂದಿರುವ ಕಂಪ್ಯೂಟರಿಗೆ ಲಿಂಕ್ ಹೋದದ್ದೇ ಗೊತ್ತಾಗಲ್ಲ. ಅದು ಲೀಸಿನ ಅರ್ಧ ಸಮಯ ಕಳೆಯುವ ತನಕ ಏನೂ ಕೇಳಲ್ಲ, ಅಲ್ಲಿಯ ತನಕ ಸ್ವಿಚ್ ಅದರ ಎಆರ್‌ಪಿ ಬಿಸಾಕುತ್ತಿರುತ್ತದೆ. "ಎಲ್ಲಾರ್ದು ಬಂತು, ನಮ್ಮ ರೂಮಿಂದಷ್ಟ ಬಂದಿಲ್ರಿ" ಅನ್ನುವ ಫೋನು ಇಲ್ಲಿಂದ ಬರುತ್ತದೆ.

ಅದಕ್ಕೇ ಟೇಬಲ್ಲನ್ನು ಫೈಲಿಗೆ ಬರೆಸಿ:

ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಡೇಟಾಬೇಸ್ ಫ್ಲ್ಯಾಶ್:ಸ್ನೂಪ್.ಡಿಬಿ
ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಡೇಟಾಬೇಸ್ ರೈಟ್-ಡಿಲೇ 60

ಸುಮ್ಮನೆ ಬಿಟ್ಟರೆ ಬದಲಾವಣೆ ಆಗಿ 300 ಸೆಕೆಂಡ್ ಆದ ಮೇಲೆ ಬರೆಯುತ್ತದೆ, ಇಲ್ಲಿ 60ಕ್ಕೆ ಇಳಿಸಿದ್ದೇವೆ. ದೊಡ್ಡ ಹಾಸ್ಟೆಲ್ ಆದರೆ ಫ್ಲ್ಯಾಶ್ ಬದಲು ಜಾಲದಲ್ಲಿ ಫೈಲ್ ಇಡುವ ಟಿಎಫ್‌ಟಿಪಿ ಸರ್ವರಿಗೆ ಬರೆಸುವುದು ವಾಸಿ, ಫ್ಲ್ಯಾಶ್‌ನಲ್ಲಿ ಜಾಗ ಕಡಿಮೆ. ಗಡಿಯಾರವೂ ಸರಿ ಇರಬೇಕು. ಲೀಸ್ ಯಾವಾಗ ಮುಗಿಯುತ್ತದೆ ಅನ್ನುವುದೂ ಆ ಫೈಲಿನಲ್ಲೇ ಇರುತ್ತದೆ, ಗಡಿಯಾರ ತಪ್ಪಿದ್ದರೆ ಆ ಲೆಕ್ಕ ಎಲ್ಲ ತಪ್ಪು. ಜಾಲದಿಂದ ಸಮಯ ಹೊಂದಿಸಿಕೊಳ್ಳುವ ಎನ್‌ಟಿಪಿ ಹಾಕಿ. ಆದರೆ ಎನ್‌ಟಿಪಿ ಹಾಕಿದ ಮೇಲೆ, ಸಮಯ ಹೊಂದಿಕೆಯಾಗಿದ್ದಾಗ ಮಾತ್ರ ಸಿಸ್ಕೊ ಸ್ವಿಚ್ ಫೈಲಿಗೆ ಬರೆಯುತ್ತದೆ, ಹಾಗಾಗಿ "ಶೋ ಎನ್‌ಟಿಪಿ ಸ್ಟೇಟಸ್" ನೋಡಿ ಸಿಂಕ್ ಆಗಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಸಿಂಕ್ ಆಗದ ಎನ್‌ಟಿಪಿ ಇಟ್ಟುಕೊಂಡು ಫೈಲ್ ಖಾಲಿ ಯಾಕಿದೆ ಅಂತ ತಲೆ ಕೆಡಿಸಿಕೊಳ್ಳುವುದು ಬೇಡ.

ಈಗ ಕಾಯಿರಿ

ಇಲ್ಲಿಗೆ ಆ ದಿನದ ಕೆಲಸ ಮುಗಿಸಿ ಎದ್ದುಬಿಡಿ. ಸ್ನೂಪಿಂಗ್ ಹಾಕುವ ಮುಂಚೆಯೇ ವಿಳಾಸ ಪಡೆದವರು ಇನ್ನೂ ಟೇಬಲ್‌ನಲ್ಲಿ ಇಲ್ಲ. ಅರ್ಧ ಲೀಸ್ ಕಳೆದಾಗ ಅವರ ಕಂಪ್ಯೂಟರ್ ನವೀಕರಣ ಕೇಳುತ್ತದೆ, ಆಗ ಸೇರುತ್ತಾರೆ. ಅರ್ಧಕ್ಕೆ ಉತ್ತರ ಸಿಗದಿದ್ದರೆ ಲೀಸಿನ ಶೇ. 87.5ರ ಹೊತ್ತಿಗೆ ಮತ್ತೆ ಕೇಳುತ್ತದೆ. ಪೂರ್ತಿ ಒಂದು ಲೀಸ್ ಕಳೆಯಲಿ. "ಶೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಬೈಂಡಿಂಗ್" ಕೊಟ್ಟು ಕೊನೆಯಲ್ಲಿ ಬರುವ ಒಟ್ಟು ಸಂಖ್ಯೆಯನ್ನು ಸರ್ವರಿನಲ್ಲಿರುವ ಲೀಸ್ ಸಂಖ್ಯೆಗೆ ಹೋಲಿಸಿ. ಹತ್ತಿರ ಬಂದಿದ್ದರೆ ಮುಂದುವರಿಯಿರಿ. ಸರ್ವರಿನಲ್ಲಿ 180, ಇಲ್ಲಿ 40 ಅಂದರೆ ಇನ್ನೂ ಹೊತ್ತಾಗಿಲ್ಲ, ಇಲ್ಲವೇ ಬೇರೆ ಎಲ್ಲೋ ವಿಲ್ಯಾನ್ ಬಿಟ್ಟುಹೋಗಿದೆ.

ಎಆರ್‌ಪಿ ತಪಾಸಣೆ

ಸ್ನೂಪಿಂಗ್ ನಕಲಿ ಸರ್ವರನ್ನು ತಡೆಯಿತು. ಆದರೆ ಲ್ಯಾಪ್‌ಟಾಪಿನಲ್ಲಿ ಕೂತು "ಗೇಟ್‌ವೇ 10.10.30.1 ಅಂದ್ರೆ ನಾನೇ" ಅಂತ ಎಆರ್‌ಪಿ ಕಳಿಸಿ ಪಕ್ಕದ ರೂಮಿನವರ ಟ್ರಾಫಿಕ್ ತನ್ನ ಮೂಲಕ ಹಾಯಿಸಿಕೊಳ್ಳುವವನನ್ನು ಅದು ತಡೆಯಲ್ಲ. ಅದಕ್ಕೆ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್. ಬರುವ ಪ್ರತಿ ಎಆರ್‌ಪಿಯ ಐಪಿ ಮತ್ತು ಮ್ಯಾಕ್ ಜೋಡಿಯನ್ನು ಬೈಂಡಿಂಗ್ ಟೇಬಲ್‌ಗೆ ತಾಳೆ ನೋಡುತ್ತದೆ.

ಇಂಟರ್ಫೇಸ್ ಗಿಗಾಬಿಟ್ 1/1/1
ಐಪಿ ಎಆರ್‌ಪಿ ಇನ್‌ಸ್ಪೆಕ್ಷನ್ ಟ್ರಸ್ಟ್
ಎಕ್ಸಿಟ್
ಐಪಿ ಎಆರ್‌ಪಿ ಇನ್‌ಸ್ಪೆಕ್ಷನ್ ವಿಲ್ಯಾನ್ 30

ಇಲ್ಲೂ ಟ್ರಸ್ಟ್ ಮೊದಲು. ಸ್ನೂಪಿಂಗ್ ಟ್ರಸ್ಟ್ ಬೇರೆ, ಎಆರ್‌ಪಿ ಟ್ರಸ್ಟ್ ಬೇರೆ, ಒಂದು ಹಾಕಿದರೆ ಇನ್ನೊಂದು ಬರಲ್ಲ. ಇದನ್ನು ಬಿಟ್ಟರೆ ಗೇಟ್‌ವೇಯ ಎಆರ್‌ಪಿ ಉತ್ತರವೇ ಬಿದ್ದುಹೋಗಿ ಒಂದೆರಡು ನಿಮಿಷದಲ್ಲಿ ಎಲ್ಲರ ನೆಟ್ ನಿಲ್ಲುತ್ತದೆ.

ನಂಬಿಕೆ ಇಲ್ಲದ ಪೋರ್ಟಿಗೆ ಸಿಸ್ಕೊ ತಾನಾಗಿಯೇ ಸೆಕೆಂಡಿಗೆ 15 ಎಆರ್‌ಪಿ ಅಂತ ಮಿತಿ ಹಾಕಿರುತ್ತದೆ. ಒಂದೇ ಕಂಪ್ಯೂಟರಿಗೆ ಅದು ಸಾಕು. ಆಕ್ಸೆಸ್ ಪಾಯಿಂಟ್‌ಗೆ, ರೂಮಿನ ಚಿಕ್ಕ ಸ್ವಿಚ್‌ಗೆ ಸಾಲಲ್ಲ, ಪೋರ್ಟ್ ಮುಚ್ಚಿಕೊಳ್ಳುತ್ತದೆ. ಅಂಥ ಪೋರ್ಟುಗಳಲ್ಲಿ "ಐಪಿ ಎಆರ್‌ಪಿ ಇನ್‌ಸ್ಪೆಕ್ಷನ್ ಲಿಮಿಟ್ ರೇಟ್ 100" ಕೊಡಿ, ರಿಕವರಿಗೆ "ಎರ್ರ್‌ಡಿಸೇಬಲ್ ರಿಕವರಿ ಕಾಸ್ ಎಆರ್‌ಪಿ-ಇನ್‌ಸ್ಪೆಕ್ಷನ್" ಸೇರಿಸಿ.

ಪಕ್ಕಕ್ಕಿಟ್ಟ ಬಯೋಮೆಟ್ರಿಕ್ ಮಷೀನಿಗೆ ಹೀಗೆ ದಾರಿ ಮಾಡಬಹುದು. ಅದು ಇರುವ ಆಫೀಸ್ ಸ್ವಿಚ್ಚಿನಲ್ಲಿ:

ಎಆರ್‌ಪಿ ಆಕ್ಸೆಸ್-ಲಿಸ್ಟ್ ಸ್ಥಿರ
ಪರ್ಮಿಟ್ ಐಪಿ ಹೋಸ್ಟ್ 10.10.10.25 ಮ್ಯಾಕ್ ಹೋಸ್ಟ್ 0011.2233.4455
ಎಕ್ಸಿಟ್
ಐಪಿ ಎಆರ್‌ಪಿ ಇನ್‌ಸ್ಪೆಕ್ಷನ್ ಫಿಲ್ಟರ್ ಸ್ಥಿರ ವಿಲ್ಯಾನ್ 10

"ಸ್ಥಿರ" ಅನ್ನುವುದು ನಾವಿಟ್ಟ ಹೆಸರು, ಏನಾದರೂ ಇಡಿ. ಫಿಲ್ಟರ್ ಸಾಲಿನ ಕೊನೆಗೆ "ಸ್ಟ್ಯಾಟಿಕ್" ಅನ್ನುವ ಪದ ಸೇರಿಸಬೇಡಿ. ಸೇರಿಸಿದರೆ ಪಟ್ಟಿಯಲ್ಲಿ ಇಲ್ಲದವರಿಗೆ ಬೈಂಡಿಂಗ್ ಟೇಬಲ್ ನೋಡದೆಯೇ ಬಾಗಿಲು ಮುಚ್ಚುತ್ತದೆ, ಅಂದರೆ ಡಿಎಚ್‌ಸಿಪಿಯಿಂದ ಬಂದ ಆಫೀಸ್ ಕಂಪ್ಯೂಟರುಗಳೆಲ್ಲ ಹೊರಗೆ.

ಐಪಿ ಸೋರ್ಸ್ ಗಾರ್ಡ್ ಅಂತ ಇನ್ನೊಂದಿದೆ, ಪೋರ್ಟಿನಲ್ಲಿ "ಐಪಿ ವೆರಿಫೈ ಸೋರ್ಸ್". ಎಆರ್‌ಪಿ ಅಷ್ಟೇ ಅಲ್ಲ, ಪ್ರತಿ ಐಪಿ ಪ್ಯಾಕೆಟ್ಟನ್ನೂ ಟೇಬಲ್‌ಗೆ ತಾಳೆ ನೋಡುತ್ತದೆ. ಹಾಸ್ಟೆಲ್‌ನಲ್ಲಿ ಹಾಕಿ, ಕೈಯಿಂದ ಐಪಿ ಬದಲಿಸಿ ತಪ್ಪಿಸಿಕೊಳ್ಳುವವರು ನಿಲ್ಲುತ್ತಾರೆ. ಆಫೀಸಿನಲ್ಲಿ ಇದರ ತಲೆನೋವು ಲಾಭಕ್ಕಿಂತ ಜಾಸ್ತಿ ಅಂತ ನನ್ನ ಲೆಕ್ಕ.

ಮಲ್ಟಿಕಾಸ್ಟ್ ಕಡೆ ಬರೋಣ

ಒಂದೇ ವಿಡಿಯೊವನ್ನು ಪ್ರಿನ್ಸಿಪಾಲರ ಕೋಣೆ, ಸೆಕ್ಯುರಿಟಿ ಕ್ಯಾಬಿನ್, ಕಂಟ್ರೋಲ್ ರೂಮ್ ಮೂರೂ ನೋಡಬೇಕು ಅಂದಾಗ ಕ್ಯಾಮೆರಾಗೆ ಮಲ್ಟಿಕಾಸ್ಟ್ ಹಾಕುತ್ತಾರೆ. ಲ್ಯಾಬಿನಲ್ಲಿ ಪರೀಕ್ಷೆಗೆ ಮುಂಚೆ ಎಲ್ಲ ಕಂಪ್ಯೂಟರಿಗೂ ಒಂದೇ ಇಮೇಜ್ ಇಳಿಸುವಾಗಲೂ ಅಷ್ಟೇ. ಕ್ಯಾಮೆರಾ ಒಂದು ಸಲ ಕಳಿಸುತ್ತದೆ, ಬೇಕಾದವರಿಗೆ ಪ್ರತಿ ಮಾಡಿ ಕೊಡುವುದು ಸ್ವಿಚ್ಚಿನ ಕೆಲಸ. ಯಾರಿಗೆ ಬೇಕು ಅಂತ ಸ್ವಿಚ್ಚಿಗೆ ಗೊತ್ತಿಲ್ಲದಿದ್ದರೆ ಗೋಳಗುಮ್ಮಟದೊಳಗೆ ಚಪ್ಪಾಳೆ ತಟ್ಟಿದ ಹಾಗೆ, ಕೇಳಬೇಕಾದವರಿಗೂ ಬೇಡವಾದವರಿಗೂ ಒಂದೇ ಸದ್ದು.

ಲೆಕ್ಕ ಹಾಕಿ ನೋಡಿ. ಒಂದು ಕ್ಯಾಮೆರಾ 4 ಎಂಬಿಪಿಎಸ್ ಕಳಿಸುತ್ತದೆ ಅಂದುಕೊಂಡರೆ 25 ಕ್ಯಾಮೆರಾಗೆ 100 ಎಂಬಿಪಿಎಸ್. ಹೆಚ್ಚಿನ ಕ್ಯಾಮೆರಾಗಳ ಪೋರ್ಟ್ ವೇಗವೇ 100. ಎಲ್ಲರ ವಿಡಿಯೊ ಎಲ್ಲ ಪೋರ್ಟಿಗೂ ಹರಿದರೆ ಪ್ರತಿ ಕ್ಯಾಮೆರಾದ ಕೇಬಲ್ಲೂ ಬೇಡದ ವಿಡಿಯೊದಿಂದ ತುಂಬಿಹೋಗುತ್ತದೆ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅದೇ ವಿಲ್ಯಾನ್‌ನಲ್ಲಿ ಆಕ್ಸೆಸ್ ಪಾಯಿಂಟ್ ಇದ್ದರಂತೂ ಮುಗಿಯಿತು. ವೈಫೈನಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕೆಳಗಿನ ವೇಗದಲ್ಲಿ ಹೋಗುವುದರಿಂದ ಗಾಳಿಯ ಸಮಯವೆಲ್ಲ ಅದಕ್ಕೇ ಖರ್ಚು.

ಇದಕ್ಕೆ ಐಜಿಎಂಪಿ ಸ್ನೂಪಿಂಗ್. ಮಲ್ಟಿಕಾಸ್ಟ್ ಗುಂಪಿಗೆ ಸೇರಲು, ಬಿಡಲು ಯಂತ್ರಗಳು ಆಡುವ ಮಾತೇ ಐಜಿಎಂಪಿ. ಯಾರು ಯಾವ ಗುಂಪಿಗೆ ಸೇರಲು ಕೇಳಿದರು ಅಂತ ಸ್ವಿಚ್ ಕದ್ದು ಕೇಳಿ, ಆ ಪೋರ್ಟಿಗೆ ಮಾತ್ರ ಕಳಿಸುತ್ತದೆ. ಕ್ಯಾಟಲಿಸ್ಟ್‌ನಲ್ಲಿ ಇದು ಮೊದಲೇ ಆನ್ ಇರುತ್ತದೆ. ಬೇರೆ ಎಷ್ಟೋ ಸ್ಮಾರ್ಟ್ ಸ್ವಿಚ್‌ಗಳಲ್ಲಿ ವೆಬ್ ಪುಟಕ್ಕೆ ಹೋಗಿ ಟಿಕ್ ಹಾಕಬೇಕು. ಹಾಗೆ ಟಿಕ್ ಹಾಕಿ ಎದ್ದು ಹೋಗುವವರೇ ಜಾಸ್ತಿ, ಅದು ಅರ್ಧ ಕೆಲಸ. ಇನ್ನರ್ಧ ಕ್ವೇರಿಯರ್.

"ಯಾರಿಗೆ ಇನ್ನೂ ಬೇಕು?" ಅಂತ ಆಗಾಗ ಕೇಳುವವನು ಒಬ್ಬ ಬೇಕು. ಮಲ್ಟಿಕಾಸ್ಟ್ ರೂಟರ್ ಇದ್ದರೆ ಅದು ಕೇಳುತ್ತದೆ. ನಮ್ಮಂಥ ಜಾಲಗಳಲ್ಲಿ ರೂಟರ್ ಆ ಕೆಲಸ ಮಾಡುತ್ತಿರುವುದಿಲ್ಲ. ಯಾರೂ ಕೇಳದಿದ್ದರೆ ಕಂಪ್ಯೂಟರ್ ಮತ್ತೆ ಉತ್ತರ ಕೊಡಲ್ಲ, ಸ್ವಿಚ್ ಸಮಯ ಮುಗಿಯಿತು ಅಂತ ಆ ಪೋರ್ಟನ್ನು ಪಟ್ಟಿಯಿಂದ ತೆಗೆಯುತ್ತದೆ. ಐಜಿಎಂಪಿ ಎರಡನೇ ಆವೃತ್ತಿಯ ಲೆಕ್ಕದಲ್ಲಿ ಪ್ರಶ್ನೆಯ ಅಂತರ 125 ಸೆಕೆಂಡ್, ಎರಡು ಸುತ್ತು ಮತ್ತು 10 ಸೆಕೆಂಡ್ ಉತ್ತರದ ಅವಧಿ ಸೇರಿ 260 ಸೆಕೆಂಡ್. ಹಾಗಾಗಿ ವಿಡಿಯೊ ಚೆನ್ನಾಗಿ ಶುರುವಾಗಿ, ನಾಲ್ಕು ನಿಮಿಷದ ಆಚೀಚೆ ಗಪ್ ಅಂತ ನಿಂತು, ಪ್ರೋಗ್ರಾಮ್ ಮುಚ್ಚಿ ತೆರೆದರೆ ಮತ್ತೆ ನಾಲ್ಕು ನಿಮಿಷ ಓಡಿದರೆ, ಬೇರೇನೂ ಹುಡುಕಬೇಡಿ. ಕ್ವೇರಿಯರ್ ಇಲ್ಲ.

ಕೋರ್ ಸ್ವಿಚ್ಚಿನಲ್ಲಿ:

ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೇರಿಯರ್
ಐಪಿ ಐಜಿಎಂಪಿ ಸ್ನೂಪಿಂಗ್ ಕ್ವೇರಿಯರ್ ಅಡ್ರೆಸ್ 10.10.40.1

ಕೋರ್‌ನಲ್ಲೇ ಯಾಕೆ ಅಂದರೆ, ಕ್ವೇರಿಯರ್ ಇರುವ ದಿಕ್ಕಿನ ಪೋರ್ಟಿಗೆ ಸ್ವಿಚ್‌ಗಳು ಎಲ್ಲ ಗುಂಪಿನ ಮಲ್ಟಿಕಾಸ್ಟನ್ನೂ ಕಳಿಸುತ್ತವೆ, ಕೇಳಲಿ ಬಿಡಲಿ. ಮೂಲೆಯ ಸ್ವಿಚ್ಚಿನಲ್ಲಿ ಕ್ವೇರಿಯರ್ ಆನ್ ಮಾಡಿದರೆ ಎಲ್ಲ ಕ್ಯಾಮೆರಾದ ವಿಡಿಯೊ ಆ ಮೂಲೆಗೆ ಹರಿಯುತ್ತದೆ. ದಪ್ಪ ಫೈಬರ್ ಇರುವಲ್ಲಿ ಇರಲಿ.

ಭದ್ರತೆಯ ಪ್ರಶ್ನೆಯೂ ಇಲ್ಲೇ ಇದೆ. ಒಂದೇ ವಿಲ್ಯಾನ್‌ನಲ್ಲಿ ಇಬ್ಬರು ಪ್ರಶ್ನೆ ಕೇಳಿದರೆ ಕಡಿಮೆ ಐಪಿ ಇರುವವನು ಗೆಲ್ಲುತ್ತಾನೆ. ಕ್ಯಾಮೆರಾ ಕಂಬದಿಂದ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿ ಕ್ವೇರಿಯರ್ ವೇಷ ಹಾಕಿದವನಿಗೆ ಇಡೀ ಕ್ಯಾಂಪಸ್ಸಿನ ವಿಡಿಯೊ ಕೇಳದೆಯೇ ಬರುತ್ತದೆ. ಅದಕ್ಕೇ ಮೇಲೆ ಕ್ವೇರಿಯರಿಗೆ .1 ಕೊಟ್ಟದ್ದು. ಅದರಿಂದ ನಿಜವಾದ ಕಳ್ಳ ನಿಲ್ಲಲ್ಲ, ತಪ್ಪಿ ಆನ್ ಆದ ಇನ್ನೊಂದು ಸ್ವಿಚ್ ಕ್ವೇರಿಯರ್ ಆಗುವುದು ತಪ್ಪುತ್ತದೆ ಅಷ್ಟೇ. ಕೆಲವು ಮಾದರಿಗಳಲ್ಲಿ ರೂಟರ್ ಗಾರ್ಡ್ ಅಂತ ಸೌಲಭ್ಯ ಇದೆ, ಆಕ್ಸೆಸ್ ಪೋರ್ಟಿನಿಂದ ಬರುವ ಪ್ರಶ್ನೆಗಳನ್ನು ಬಿಸಾಕುತ್ತದೆ. ನಿಮ್ಮ ಸ್ವಿಚ್ಚಿನಲ್ಲಿ ಇದ್ದರೆ ಕ್ಯಾಮೆರಾ ಪೋರ್ಟುಗಳಿಗೆಲ್ಲ ಹಾಕಿ.

ಯಾರು ಯಾವ ಗುಂಪು ನೋಡಬಹುದು ಅನ್ನುವುದಕ್ಕೂ ಮಿತಿ ಹಾಕಬಹುದು. ಸೆಕ್ಯುರಿಟಿ ಕ್ಯಾಬಿನ್‌ಗೆ ಗೇಟಿನ ಕ್ಯಾಮೆರಾ ಸಾಕು ಅಂದುಕೊಳ್ಳಿ:

ಐಪಿ ಐಜಿಎಂಪಿ ಪ್ರೊಫೈಲ್ 1
ಪರ್ಮಿಟ್
ರೇಂಜ್ 239.10.1.1 239.10.1.8
ಎಕ್ಸಿಟ್
ಇಂಟರ್ಫೇಸ್ ಗಿಗಾಬಿಟ್ 1/0/12
ಐಪಿ ಐಜಿಎಂಪಿ ಫಿಲ್ಟರ್ 1
ಐಪಿ ಐಜಿಎಂಪಿ ಮ್ಯಾಕ್ಸ್-ಗ್ರೂಪ್ಸ್ 8

"ಪರ್ಮಿಟ್" ಸಾಲು ಮರೆಯಬೇಡಿ. ಅದಿಲ್ಲದಿದ್ದರೆ ಪ್ರೊಫೈಲ್ ಆ ವಿಳಾಸಗಳನ್ನು ತಡೆಯುವ ಪಟ್ಟಿಯಾಗುತ್ತದೆ.

ಗುಂಪಿನ ವಿಳಾಸ ಆರಿಸುವಾಗ 239ರಿಂದ ಶುರುವಾಗುವುದೇ ಇರಲಿ, ಅದು ಸಂಸ್ಥೆಯೊಳಗಿನ ಬಳಕೆಗೆ ಮೀಸಲಿಟ್ಟ ಸಾಲು. ಆದರೆ 239.0.0 ಮತ್ತು 239.128.0 ಸಾಲು ಬೇಡ. ಮಲ್ಟಿಕಾಸ್ಟ್ ಐಪಿಯಲ್ಲಿ ಬದಲಾಗುವ 28 ಬಿಟ್‌ಗಳಲ್ಲಿ ಮ್ಯಾಕ್ ವಿಳಾಸಕ್ಕೆ ಹೋಗುವುದು ಕೊನೆಯ 23 ಮಾತ್ರ, ಹಾಗಾಗಿ 32 ಐಪಿಗಳಿಗೆ ಒಂದೇ ಮ್ಯಾಕ್. 239.0.0.5 ಮತ್ತು 224.0.0.5 ಮ್ಯಾಕ್ ಮಟ್ಟದಲ್ಲಿ ಒಂದೇ. 224.0.0 ಸಾಲನ್ನು ಸ್ವಿಚ್‌ಗಳು ಎಲ್ಲ ಪೋರ್ಟಿಗೂ ಹರಿಸಲೇಬೇಕು, ರೂಟಿಂಗ್ ಮಾತುಕತೆ ಅಲ್ಲೇ ನಡೆಯುವುದು. ಮ್ಯಾಕ್ ನೋಡಿ ಕೆಲಸ ಮಾಡುವ ಸ್ವಿಚ್ಚಿನಲ್ಲಿ ನಿಮ್ಮ ವಿಡಿಯೊನೂ ಜೊತೆಗೆ ಹರಿದುಹೋಗುತ್ತದೆ, ಸ್ನೂಪಿಂಗ್ ಹಾಕಿಯೂ ದಂಡ. ಇದೇ ಕಾರಣಕ್ಕೆ 239.10.1.5 ಇಟ್ಟ ಮೇಲೆ 239.138.1.5 ಅನ್ನು ಬೇರೆ ಕ್ಯಾಮೆರಾಗೆ ಕೊಡಬೇಡಿ.

ಒಂದು ಪೋರ್ಟಿಗೆ ಒಂದೇ ಕಂಪ್ಯೂಟರ್ ಇದ್ದರೆ "ಐಪಿ ಐಜಿಎಂಪಿ ಸ್ನೂಪಿಂಗ್ ವಿಲ್ಯಾನ್ 40 ಇಮೀಡಿಯೇಟ್-ಲೀವ್" ಹಾಕಬಹುದು, ಬಿಟ್ಟ ಕೂಡಲೇ ವಿಡಿಯೊ ನಿಲ್ಲುತ್ತದೆ. ಪೋರ್ಟಿನ ಹಿಂದೆ ಚಿಕ್ಕ ಸ್ವಿಚ್ ಇದ್ದರೆ ಬೇಡ, ಒಬ್ಬ ಬಿಟ್ಟರೆ ಇನ್ನೊಬ್ಬನದೂ ನಿಲ್ಲುತ್ತದೆ.

ಲ್ಯಾಬ್ ಸ್ವಿಚ್ಚಿನಲ್ಲಿ ವಿಲ್ಯಾನ್ 20ಕ್ಕೂ ಡಿಎಚ್‌ಸಿಪಿ ಸ್ನೂಪಿಂಗ್ ಹಾಕುವಾಗ ಎರಡೂ ವಿಷಯ ಒಂದಕ್ಕೊಂದು ತಾಗುತ್ತವೆ. ಇಮೇಜ್ ಇಳಿಸುವ ಸರ್ವರ್ ಪಿಎಕ್ಸ್‌ಇ ಬೂಟ್ (ಡಿಸ್ಕ್ ಬದಲು ಜಾಲದಿಂದ ಕಂಪ್ಯೂಟರ್ ಶುರು ಮಾಡುವುದು) ಕೊಡುತ್ತದೆ, ಅದಕ್ಕೆ ಅದು ಡಿಎಚ್‌ಸಿಪಿಯಲ್ಲೇ ಉತ್ತರಿಸುತ್ತದೆ. ವಿಳಾಸ ಕೊಡದೆ ಬೂಟ್ ಮಾಹಿತಿ ಮಾತ್ರ ಕೊಡುವ ಪ್ರಾಕ್ಸಿ ಡಿಎಚ್‌ಸಿಪಿ ಆದರೂ ಸ್ವಿಚ್ಚಿನ ಕಣ್ಣಿಗೆ ಅದು ಆಫರ್. ಹಾಗಾಗಿ ಆ ಸರ್ವರ್ ಇರುವ ಪೋರ್ಟಿಗೂ ಸ್ನೂಪಿಂಗ್ ಟ್ರಸ್ಟ್ ಹಾಕಿ. ಇಲ್ಲದಿದ್ದರೆ ಕಂಪ್ಯೂಟರುಗಳಿಗೆ ಐಪಿ ಬರುತ್ತದೆ, ಬೂಟ್ ಫೈಲ್ ಮಾತ್ರ ಬರಲ್ಲ. ಲ್ಯಾಬ್ ಅಸಿಸ್ಟೆಂಟ್ ಹಾರ್ಡ್ ಡಿಸ್ಕ್ ಕೆಟ್ಟಿದೆ ಅಂತ ಬಿಚ್ಚಲು ಕೂತಿರುತ್ತಾರೆ.

ಪರೀಕ್ಷೆ ಮಾಡದೆ ಬಿಡಬೇಡಿ

ಜನ ಕಡಿಮೆ ಇರುವ ಹೊತ್ತಿನಲ್ಲಿ, ಪರೀಕ್ಷೆ ದಿನ ಬಿಟ್ಟು, ಒಂದು ಹಳೇ ರೂಟರ್ ತಂದು ಅದರ ಲ್ಯಾನ್ ಪೋರ್ಟನ್ನೇ ಹಾಸ್ಟೆಲ್ ಸಾಕೆಟ್ಟಿಗೆ ಹಾಕಿ. ಪಕ್ಕದ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಹಾಕಿ ಐಪಿ ಬಿಟ್ಟು ಮತ್ತೆ ಕೇಳಿಸಿ. 10.10.30 ಸಾಲಿನ ವಿಳಾಸ ಬರಬೇಕು. "ಶೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಸ್ಟ್ಯಾಟಿಸ್ಟಿಕ್ಸ್" ಕೊಟ್ಟರೆ ಬಿಸಾಕಿದ ಪ್ಯಾಕೆಟ್ ಸಂಖ್ಯೆ ಏರಿರಬೇಕು. ಆಮೇಲೆ ಸ್ವಿಚ್ಚಿನ ಪ್ಲಗ್ ಕಿತ್ತು ಹಾಕಿ, ಟೇಬಲ್ ಫೈಲಿನಿಂದ ವಾಪಸ್ ಬಂತಾ ನೋಡಿ. ಆದರೆ ಪ್ಲಗ್ ಕೀಳುವ ಮುಂಚೆ "ರೈಟ್ ಮೆಮೊರಿ" ಕೊಟ್ಟಿರಬೇಕು. ಎಆರ್‌ಪಿಗೆ "ಶೋ ಐಪಿ ಎಆರ್‌ಪಿ ಇನ್‌ಸ್ಪೆಕ್ಷನ್ ಸ್ಟ್ಯಾಟಿಸ್ಟಿಕ್ಸ್ ವಿಲ್ಯಾನ್ 30", ಕ್ಯಾಮೆರಾಗೆ "ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಗ್ರೂಪ್ಸ್". ವಿಡಿಯೊ ಹಾಕಿ ಐದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಬಿಡಿ, ಎರಡು ನಿಮಿಷ ನೋಡಿ ಓಕೆ ಅನ್ನುವುದು ಇಲ್ಲಿ ನಡೆಯಲ್ಲ.

ಅರುಬಾದ ಹಳೇ ಪ್ರೊಕರ್ವ್ ಸಾಲಿನಲ್ಲಿ ಇದೇ ಕೆಲಸಕ್ಕೆ "ಡಿಎಚ್‌ಸಿಪಿ-ಸ್ನೂಪಿಂಗ್" ಮತ್ತು "ಎಆರ್‌ಪಿ-ಪ್ರೊಟೆಕ್ಟ್" ಅನ್ನುವ ಕಮಾಂಡ್‌ಗಳಿವೆ. ಡಿ-ಲಿಂಕ್, ಟಿಪಿ-ಲಿಂಕ್‌ಗಳ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ವೆಬ್ ಪುಟದಲ್ಲೇ ಸಿಗುತ್ತದೆ, ಎಲ್ಲ ಮಾದರಿಯಲ್ಲಿ ಎಲ್ಲವೂ ಇರಲ್ಲ. ಕೊಳ್ಳುವ ಮುಂಚೆ ಬೈಂಡಿಂಗ್ ಟೇಬಲ್ ಫೈಲಿಗೆ ಉಳಿಸುತ್ತದಾ ಅಂತ ಡೇಟಾಶೀಟ್ ನೋಡಿ. ಉಳಿಸದಿದ್ದರೆ ಆ ಸ್ವಿಚ್ಚನ್ನು ಗಟ್ಟಿ ಯುಪಿಎಸ್ ಮೇಲೆ ಇಡಿ, ಎಆರ್‌ಪಿ ತಪಾಸಣೆ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಐಪಿವಿ6 ಬಳಸುತ್ತಿದ್ದರೆ ಇದೇ ನಕಲಿ ರೂಟರ್ ಕಥೆ ಅಲ್ಲೂ ಇದೆ, ಹಾಸ್ಟೆಲ್ ಪೋರ್ಟುಗಳಿಗೆ ನಕಲಿ ರೂಟರಿನ ಘೋಷಣೆ ತಡೆಯುವ ಆರ್‌ಎ ಗಾರ್ಡ್ ಹಾಕಿ.

ಕೊನೆಗೆ ಟ್ರಸ್ಟ್ ಹಾಕಿದ ಪೋರ್ಟುಗಳ ಮೇಲೆ ಒಂದೊಂದು ಚೀಟಿ ಅಂಟಿಸಿ. ಆರು ತಿಂಗಳಾದ ಮೇಲೆ ಅಪ್‌ಲಿಂಕ್‌ನ ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ತುಂಡು) ಸುಟ್ಟು, ಬಂದವರು ಫೈಬರನ್ನು ಪಕ್ಕದ 1/1/2ಕ್ಕೆ ಹಾಕಿ ಹೋಗುತ್ತಾರೆ. ಲಿಂಕ್ ದೀಪ ಹಸಿರು ಉರಿಯುತ್ತದೆ, ಆದರೆ ಯಾರಿಗೂ ವಿಳಾಸ ಬರಲ್ಲ, ಯಾಕಂದ್ರೆ ಟ್ರಸ್ಟ್ ಹಳೇ ಪೋರ್ಟಿನಲ್ಲೇ ಕೂತಿದೆ. 1/1/2 ಕೂಡ ಬೀಗ ಇರುವ ರ್‍ಯಾಕಿನಲ್ಲೇ ಇದ್ದರೆ ಅದಕ್ಕೂ ಎರಡೂ ಟ್ರಸ್ಟ್ ಇವತ್ತೇ ಹಾಕಿಡಿ.